ರೀಲು ಕಾಯುವ ಓದು ಕೊಲ್ಹಾಪುರದಲ್ಲೇ ಶುರುವಾಗಲಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತೆಂಬುದು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗರಿಗೆಲ್ಲ ಬಾಯಿಪಾಠ. ಅದು ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ ಎಂಬುದು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ. ಚಮನ್‌ಲಾಲ್ ಡುಂಗಾಜಿಯವರ ದುಡ್ಡು, ವೈ.ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ಮತ್ತು ಹಾಡು, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಅವರ ಅಭಿನಯ: ಇಷ್ಟನ್ನೂ ಹೊತ್ತುಕೊಂಡು ಕನ್ನಡ ರಂಗಭೂಮಿಯ ಒಂದು ತಂಡವೇ ಪಂಚಗಂಗೆಯ ದಡದ ಊರಿಗೆ ಬಂದು ಸಿನಿಮಾ ಮಾಡಿಕೊಂಡು ಹೋಯಿತು. ಆ ಚಿತ್ರದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಕನ್ನಡ ಮಾತು ತೆರೆಯ ಮೇಲೆ ಮೊದಲ ಸಲ ಕೇಳಿದ್ದು ಹೇಗಿತ್ತು ಎಂಬುದನ್ನು ನಾವು ಇನ್ನೊಬ್ಬರ ನೆನಪಿನಿಂದಲೇ ತಿಳಿಯಬೇಕಾಗಿದೆ. ಅದಕ್ಕಿಂತ ಎರಡು ವರ್ಷ ಮೊದಲು, 1932ರಲ್ಲಿ, ಅದೇ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯವರು ತೆಗೆದ ಮೊದಲ ಮರಾಠಿ ವಾಕ್ಚಿತ್ರ ‘ಅಯೋಧ್ಯೇಚಾ ರಾಜಾ’ ಇಂದಿಗೂ ನೋಡಲು ಸಿಗುತ್ತದೆ. ಊರು ಒಂದೇ, ಕಾಲ ಹೆಚ್ಚುಕಡಿಮೆ ಒಂದೇ, ಬಳಸಿದ ಫಿಲ್ಮಿನ ಜಾತಿಯೂ ಒಂದೇ. ಒಂದು ಉಳಿಯಿತು, ಒಂದು ಅಳಿಯಿತು.

ಈ ವ್ಯತ್ಯಾಸಕ್ಕೆ ಕಲೆಯ ಗುಣಮಟ್ಟ ಕಾರಣವಲ್ಲ, ಜನಪ್ರಿಯತೆಯೂ ಅಲ್ಲ. ಪ್ರಭಾತ್ 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋಯಿತು. ಕಂಪನಿ ಮುಚ್ಚಿದ ಮೇಲೆ ಅದರ ಸ್ಟುಡಿಯೊ ಆವರಣದಲ್ಲೇ 1960ರಲ್ಲಿ ಈಗ ಎಫ್‌ಟಿಐಐ ಎಂದು ಕರೆಯುವ ಚಲನಚಿತ್ರ ತರಬೇತಿ ಸಂಸ್ಥೆ ಶುರುವಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವೂ ಪುಣೆಯಲ್ಲೇ ನೆಲೆಯಾಯಿತು. ಅಲ್ಲಿ ಪಿ.ಕೆ. ನಾಯರ್ ಎಂಬ ಒಬ್ಬ ಮನುಷ್ಯ ದಶಕಗಟ್ಟಲೆ ಊರೂರು ಅಲೆದು ಡಬ್ಬಿಗಳನ್ನು ಒಟ್ಟುಮಾಡಿದರು. ಅಂದರೆ ಪ್ರಭಾತ್ ಚಿತ್ರಗಳಿಗೆ ಒಂದು ಮನೆ ಸಿಕ್ಕಿತು, ಮನೆಯಲ್ಲಿ ಕಾಯುವವರೂ ಸಿಕ್ಕರು. ‘ಸತಿ ಸುಲೋಚನ’ಕ್ಕೆ ಅಂಥ ಮನೆ ಇರಲಿಲ್ಲ. ಬಾಡಿಗೆ ಸ್ಟುಡಿಯೊದಲ್ಲಿ ತೆಗೆದು ಟಾಕೀಸಿನಿಂದ ಟಾಕೀಸಿಗೆ ತಿರುಗಿಸಿದ ಚಿತ್ರಕ್ಕೆ, ಪ್ರದರ್ಶನ ಮುಗಿದ ಮೇಲೆ ಹಕ್ಕಿನಿಂದ ಕೇಳುವವರು ಯಾರೂ ಉಳಿಯುತ್ತಿರಲಿಲ್ಲ. ಆ ಕಾಲದಲ್ಲಿ ಹಳೆಯ ರೀಲುಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕರಗಿಸಿ ಮಾರುವುದು ನಡೆದೇ ಇತ್ತು. ಹಾಗೆಂದು ಮನೆ ಇದ್ದರೆ ಸಾಕು ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. 2003ರ ಜನವರಿ 8ರಂದು ಪುಣೆಯ ಅದೇ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು, ಪ್ರಭಾತ್ ಕಂಪನಿಯವೂ ಸೇರಿದಂತೆ ಸಾವಿರಾರು ನೈಟ್ರೇಟ್ ರೀಲುಗಳು ಸುಟ್ಟವು. ಬೇರೆ ಫಿಲ್ಮಿಗೆ ಮೊದಲೇ ಪ್ರತಿ ಇಳಿಸಿಕೊಂಡಿದ್ದವು ಮಾತ್ರ ಬದುಕಿದವು. ಚಿತ್ರ ಉಳಿಯಬೇಕಾದರೆ ಕಟ್ಟಡ ಬೇಕು, ಅದಕ್ಕಿಂತ ಹೆಚ್ಚಾಗಿ ಯಾವುದನ್ನು ಯಾವಾಗ ಪ್ರತಿ ಮಾಡಬೇಕು ಎಂದು ಬಲ್ಲ, ತರಬೇತಿ ಪಡೆದ ಜನ ಬೇಕು.

ಆ ಜನವನ್ನು ತಯಾರು ಮಾಡುವ ಸ್ನಾತಕೋತ್ತರ ಓದು ಕೊಲ್ಹಾಪುರದಲ್ಲಿ ಶುರುವಾಗಬೇಕು, ಅದು ಚಲನಚಿತ್ರ ಅಧ್ಯಯನವನ್ನೂ ಚಲನಚಿತ್ರ ಸಂರಕ್ಷಣೆಯನ್ನೂ ಒಂದೇ ಪದವಿಯಲ್ಲಿ ಕಲಿಸಬೇಕು, ಮತ್ತು ಗಡಹಿಂಗ್ಲಜ, ಇಚಲಕರಂಜಿಯಂಥ ಊರುಗಳ ಎರಡು ಭಾಷೆಯ ಮಕ್ಕಳನ್ನು ಮುಂದಿಟ್ಟುಕೊಂಡೇ ಅದು ರೂಪುಗೊಳ್ಳಬೇಕು ಎಂಬುದು ನನ್ನ ವಾದ. ಈಗ ಈ ಭಾಗದ ಪದವೀಧರರೊಬ್ಬರು ಸಿನಿಮಾ ಓದಬೇಕೆಂದು ಹೊರಟರೆ ದಾರಿ ಎರಡಾಗಿ ಒಡೆದಿರುತ್ತದೆ. ಸಿನಿಮಾದ ಇತಿಹಾಸ, ಸಿದ್ಧಾಂತ, ವಿಮರ್ಶೆ ಬೇಕೆಂದರೆ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯಕ್ಕೋ, ಹೈದರಾಬಾದಿನ ಇಫ್ಲುಗೋ, ದೆಹಲಿಯ ಜೆಎನ್‌ಯುಗೋ ಹೋಗಬೇಕು. ಫಿಲ್ಮನ್ನು ಕೈಯಾರೆ ಜತನ ಮಾಡುವ ವಿದ್ಯೆ ಬೇಕೆಂದರೆ ಅಮೆರಿಕದ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಮ್ಮಿನ ಸೆಲ್ಝ್‌ನಿಕ್ ಶಾಲೆ, ನ್ಯೂಯಾರ್ಕ್ ವಿಶ್ವವಿದ್ಯಾಲಯ ಅಥವಾ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಕದ ತಟ್ಟಬೇಕು. ಮೊದಲ ದಾರಿಯಲ್ಲಿ ಹೋದವರು ಇಲ್ಲದ ಚಿತ್ರಗಳ ಬಗ್ಗೆ ಬರೆಯುತ್ತಾರೆ. ಎರಡನೆಯ ದಾರಿಯಲ್ಲಿ ಹೋದವರು ಹಾಲಿವುಡ್ಡಿನ, ಯುರೋಪಿನ ರೀಲುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಈ ಎರಡೂ ಕೂಡುವ ಜಾಗ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಕೂಡದಿದ್ದರೆ ಆಗುವ ನಷ್ಟ ಎಂಥದ್ದೆಂದು ತೋರಿಸಲು ಕೊಲ್ಹಾಪುರಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆನಂದರಾವ್ ಪೇಂಟರ್ ಮತ್ತು ಬಾಬುರಾವ್ ಪೇಂಟರ್ ಎಂಬ ಸೋದರ ಸಂಬಂಧಿಗಳು ಪರದೇಶದ ಕ್ಯಾಮೆರಾ ಕೈಗೆ ಸಿಗದಾಗ ತಾವೇ ಒಂದನ್ನು ಕಟ್ಟಲು ಹೊರಟದ್ದು ಈ ಊರಲ್ಲಿ. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ಅವರು ದಾಮ್ಲೆಯವರ ಜೊತೆ ಸೇರಿ ಕೆಲಸ ಮುಗಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲಗಾರ ರೈತ ಹೊಲ ಕಳೆದುಕೊಂಡು ಪಟ್ಟಣದ ಗಿರಣಿ ಸೇರುವ ಕಥೆ ಇತ್ತು. ರೈತನ ಪಾತ್ರದಲ್ಲಿ ಹರೆಯದ ವಿ. ಶಾಂತಾರಾಮ್ ಇದ್ದರು. ಭಾರತದಲ್ಲಿ ವಾಸ್ತವವಾದಿ ಸಿನಿಮಾ ಇಲ್ಲಿಂದ ಹುಟ್ಟಿತು ಎಂದು ಎಷ್ಟೋ ಪುಸ್ತಕಗಳು ಬರೆಯುತ್ತವೆ. ಆದರೆ ಆ ಮಾತು ನಿಂತಿರುವುದು ಅಂದು ಕಂಡವರು ಮುಂದೆ ಹೇಳಿದ ನೆನಪುಗಳ ಮೇಲೆ, ಏಕೆಂದರೆ ಎರಡೂ ಚಿತ್ರಗಳು ಇಂದು ಇಲ್ಲ. ದೇಶದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ತುಂಡುತುಣುಕು ಸೇರಿಸಿಕೊಂಡರೂ ಉಳಿದವು ಬೆರಳೆಣಿಕೆಯ ಡಜನ್ನುಗಳು ಮಾತ್ರ. 1948ರಲ್ಲಿ ಗಾಂಧೀಜಿ ಹತ್ಯೆಯ ನಂತರದ ಗಲಭೆಯಲ್ಲಿ ನಿರ್ದೇಶಕ ಭಾಲ್ಜಿ ಪೆಂಢಾರಕರರು ಇದೇ ಊರಿನಲ್ಲಿ ನಡೆಸುತ್ತಿದ್ದ ಜಯಪ್ರಭಾ ಸ್ಟುಡಿಯೊ ಸುಟ್ಟಿತು. ಅದೇ ಜಯಪ್ರಭಾದ ಜಾಗ ಉಳಿಯಲಿ ಎಂದು 2022ರಲ್ಲಿ ಊರಿನ ಚಿತ್ರಕರ್ಮಿಗಳು ಸರಣಿ ಉಪವಾಸ ಕೂತರು. 2024ರ ಆಗಸ್ಟಿನಲ್ಲಿ ಶಾಹೂ ಮಹಾರಾಜರ ಕಾಲದ ಕೇಶವರಾವ್ ಭೋಸಲೆ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಕಟ್ಟಡಕ್ಕಾಗಿ ಬೀದಿಗಿಳಿಯುವ ಪ್ರೀತಿ ಕೊಲ್ಹಾಪುರದ ಜನರಲ್ಲಿ ಧಾರಾಳವಾಗಿದೆ. ಕಟ್ಟಡದೊಳಗಿನ ಕಾಗದ, ಪೋಸ್ಟರು, ಡಬ್ಬಿಗಳನ್ನು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬ ವಿದ್ಯೆ ಮಾತ್ರ ಪ್ರೀತಿಯಿಂದ ತಾನಾಗಿ ಬರುವುದಿಲ್ಲ.

ಆ ವಿದ್ಯೆ ಏನೆಂದು ತಿಳಿಯಲು ಒಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ನೋಡೋಣ. ಮುಚ್ಚಳ ತೆಗೆದ ಕೂಡಲೇ ಮೊದಲು ಕೆಲಸ ಮೂಗಿಗೆ. ವಿನೆಗರ್‌ನಂಥ ಹುಳಿ ವಾಸನೆ ಹೊಡೆದರೆ ಅಸಿಟೇಟ್ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ. ಹಾಗೆ ಹುಟ್ಟಿದ ಆಮ್ಲವೇ ಕೊಳೆತವನ್ನು ಇನ್ನಷ್ಟು ಬೇಗ ನಡೆಸುತ್ತದೆ, ಪಕ್ಕದ ಡಬ್ಬಿಗಳಿಗೂ ಅಂಟಿಸುತ್ತದೆ. ಸೆಕೆ ಮತ್ತು ತೇವ ಜೊತೆಯಾದರೆ ಅದರ ಓಟಕ್ಕೆ ತಡೆಯೇ ಇಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಾದರೆ ಮೊದಲು ಅಂಟಂಟಾಗಿ, ಆಮೇಲೆ ಗಟ್ಟಿಯಾಗಿ, ಕಡೆಗೆ ಕಂದು ಪುಡಿಯಾಗುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಹೊತ್ತಿಕೊಂಡರೆ ನೀರಿಗೆ ಹಾಕಿದರೂ ಆರುವುದಿಲ್ಲ. ಹತ್ತಿಯ ಕೈಗವಸು ಹಾಕಿ, ಕೈಯಿಂದ ತಿರುಗಿಸುವ ರಿವೈಂಡರಿನಲ್ಲಿ ರೀಲನ್ನು ನಿಧಾನವಾಗಿ ಬಿಚ್ಚುತ್ತ ಹೋದರೆ ಅಂಚಿನಲ್ಲಿ ‘ಸೇಫ್ಟಿ’ ಅಥವಾ ‘ನೈಟ್ರೇಟ್’ ಎಂಬ ಅಕ್ಷರ ಕಾಣುತ್ತದೆ. ಕೊಡಕ್ ಫಿಲ್ಮಿನಲ್ಲಿ ವೃತ್ತ, ತ್ರಿಕೋನ, ಚೌಕದಂಥ ಸಣ್ಣ ಗುರುತುಗಳು ಫಿಲ್ಮು ತಯಾರಾದ ವರ್ಷವನ್ನು ಹೇಳುತ್ತವೆ. ಆ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುವುದರಿಂದ, ಕಂಡದ್ದು ಯಾವ ಸುತ್ತಿನದು ಎಂದು ನಿರ್ಧರಿಸಲು ಚಿತ್ರದೊಳಗಿನ ಉಡುಪು, ವಾಹನ, ಬೀದಿಯನ್ನೂ ಓದಬೇಕು. ಅಂಚಿನ ತೂತುಗಳ ನಡುವಿನ ಅಂತರ ಅಳೆದರೆ ಫಿಲ್ಮು ಎಷ್ಟು ಕುಗ್ಗಿದೆ, ಯಂತ್ರಕ್ಕೆ ಹಾಕಿದರೆ ಹರಿಯುತ್ತದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಸಾವಿರ ಅಡಿಯ ಒಂದು ರೀಲೆಂದರೆ ತೆರೆಯ ಮೇಲೆ ಸುಮಾರು 11 ನಿಮಿಷ. ಅದನ್ನು ಹೀಗೆ ಪರೀಕ್ಷಿಸಲು ಗಂಟೆಗಳೇ ಹಿಡಿಯುತ್ತವೆ. ಇಲ್ಲಿ ರಸಾಯನಶಾಸ್ತ್ರ ಎಲ್ಲಿ ಮುಗಿಯಿತು, ಇತಿಹಾಸ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಚಲನಚಿತ್ರ ಅಧ್ಯಯನವನ್ನೂ ಸಂರಕ್ಷಣೆಯನ್ನೂ ಬೇರೆ ಬೇರೆ ಪದವಿಯಾಗಿ ಕಲಿಸುವುದು ತಪ್ಪು ಎಂದು ನಾನು ಹೇಳುವುದಕ್ಕೆ ಈ ಮೇಜೇ ಆಧಾರ.

ಗಡಿಯ ಮಕ್ಕಳ ಮಾತಿಗೆ ಬರೋಣ. ಗಡಹಿಂಗ್ಲಜ ತಾಲ್ಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಮತ್ತು ಕಚೇರಿಯ ಮಾತು ಮರಾಠಿ, ಸಂತೆ ಮತ್ತು ಬೀಗತನ ಸಂಕೇಶ್ವರದ ಕಡೆಗೂ ಇದೆ, ಕೊಲ್ಹಾಪುರದ ಕಡೆಗೂ ಇದೆ. ಇಚಲಕರಂಜಿಯ ಮಗ್ಗಗಳ ಸುತ್ತ ನೆಲೆಸಿದ ಮನೆಗಳಲ್ಲೂ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಎರಡು ಭಾಷೆ ಸಲೀಸಾಗಿ ಬರುವ ಈ ಮಕ್ಕಳಿಗೆ ಅದು ಒಂದು ವಿದ್ಯಾರ್ಹತೆ ಎಂದು ಇಲ್ಲಿಯತನಕ ಯಾರೂ ಹೇಳಿಲ್ಲ. ಸಿನಿಮಾ ಇತಿಹಾಸದ ಮಟ್ಟಿಗೆ ಅದು ದೊಡ್ಡ ಅರ್ಹತೆ. ‘ಸತಿ ಸುಲೋಚನ’ದ ಚಿತ್ರ ಹೋಯಿತು, ಆದರೆ ಒಂದು ಚಿತ್ರ ತನ್ನ ಸುತ್ತ ಚೆಲ್ಲಿ ಹೋಗುವ ಕಾಗದ ಪತ್ರ ಪೂರಾ ಹೋಗಿರುವುದು ಅಪರೂಪ. ಬೆಂಗಳೂರು, ಮೈಸೂರಿನ ಕನ್ನಡ ಪತ್ರಿಕೆಗಳ ಜಾಹೀರಾತು, ಕೊಲ್ಹಾಪುರ, ಪುಣೆಯ ಮರಾಠಿ ಪತ್ರಿಕೆಗಳ ಸುದ್ದಿ, ಮುಂಬೈ ಸರ್ಕಾರದ ಸೆನ್ಸಾರ್ ದಾಖಲೆ, ಸಂಸ್ಥಾನದ ದಫ್ತರ, ಹಾಡಿನ ಪುಸ್ತಕ, ಟಾಕೀಸಿನ ಲೆಕ್ಕಪತ್ರ: ಇವುಗಳಲ್ಲಿ ಕೆಲವು ಕನ್ನಡ, ಕೆಲವು ಮರಾಠಿ, ಕೆಲವು ಮರಾಠಿಯ ಹಳೆಯ ಬರಹವಾದ ಮೋಡಿ ಲಿಪಿ, ಕೆಲವು ಇಂಗ್ಲಿಷ್. ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಸಂಸ್ಥಾನದ ಮೋಡಿ ಕಾಗದಗಳ ರಾಶಿಯೇ ಇದೆ. ಕನ್ನಡ ಚಿತ್ರರಂಗದ ಇತಿಹಾಸ ಬರೆದವರು ಕನ್ನಡದ ಕಾಗದ ನೋಡಿದ್ದಾರೆ, ಮರಾಠಿಯವರು ತಮ್ಮವನ್ನು ನೋಡಿದ್ದಾರೆ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ಓದಬಲ್ಲವರು ಗಡಹಿಂಗ್ಲಜದಲ್ಲಿ, ನಿಪ್ಪಾಣಿಯಲ್ಲಿ, ಇಚಲಕರಂಜಿಯಲ್ಲಿ ಹುಟ್ಟುತ್ತಾರೆ. ಕಲಾವಿದರೂ ಗಡಿ ದಾಟಿಯೇ ಬದುಕಿದರು. ಹುಬ್ಬಳ್ಳಿ ಸೀಮೆಯ ಶಾಂತಾ ಹುಬಳೀಕರ್ 1939ರಲ್ಲಿ ಪ್ರಭಾತ್‌ನ ‘ಮಾಣೂಸ್’ ಚಿತ್ರದ ನಾಯಕಿಯಾದರು, ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈ ಚಿತ್ರಗಳಲ್ಲಿ ಹಾಡಿ ಹೆಸರಾದರು. ಇಂಥವರ ಬದುಕನ್ನು ಒಂದೇ ಭಾಷೆಯ ದಾಖಲೆಯಿಂದ ಬರೆದರೆ ಅರ್ಧವೇ ಸಿಗುತ್ತದೆ.

ಇದನ್ನು ಓದಿದರೆ ಹೊಟ್ಟೆಗೇನು ಎಂಬುದು ಮೊದಲ ಆಕ್ಷೇಪ, ಮತ್ತು ಮಗ್ಗದ ಕೂಲಿಯಿಂದ ಮಗಳನ್ನು ಓದಿಸುವ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಎಂಜಿನಿಯರಿಂಗ್‌ನಷ್ಟು ಕೆಲಸ ಇಲ್ಲಿದೆ ಎಂದು ಹೇಳಿದರೆ ಮೋಸವಾಗುತ್ತದೆ. ಆದರೆ ಕೆಲಸ ಇಲ್ಲ ಎಂಬುದೂ ನಿಜವಲ್ಲ. ರಾಷ್ಟ್ರೀಯ ಚಲನಚಿತ್ರ ಪರಂಪರೆ ಮಿಷನ್ನಿಗೆ ಕೇಂದ್ರ ಸರ್ಕಾರ 597 ಕೋಟಿ ರೂಪಾಯಿ ಎತ್ತಿಟ್ಟಿತು. ಸುಮಾರು 2,200 ಚಿತ್ರಗಳನ್ನು ಮರಳಿ ಸುಸ್ಥಿತಿಗೆ ತರುವ ಯೋಜನೆಯನ್ನು 2022ರಲ್ಲಿ ಪ್ರಕಟಿಸಿತು. ಹಣ ಬಂದಾಗ ಮೊದಲು ಕಾಣುವ ಕೊರತೆ ನುರಿತ ಕೈಗಳದು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ 2015ರಿಂದ ಅಂತರರಾಷ್ಟ್ರೀಯ ಭಂಡಾರಗಳ ಒಕ್ಕೂಟದ ಜೊತೆ ಸೇರಿ ಕಮ್ಮಟಗಳನ್ನು ನಡೆಸುತ್ತಿರುವುದು ಈ ಕೊರತೆಗೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಉತ್ಸವದಲ್ಲಿ ಹೊಸ ಕಳೆಯಿಂದ ತೆರೆಗೆ ಬಂತು. ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿದ್ದರಿಂದ ಅದು ಸಾಧ್ಯವಾಯಿತು, ಕೈಕೆಲಸ ನಡೆದದ್ದು ಮಾತ್ರ ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ. ನೆಗೆಟಿವ್ ನಮ್ಮದು, ಕಥೆ ನಮ್ಮದು, ಕೌಶಲಕ್ಕೆ ಮಾತ್ರ ಸಮುದ್ರ ದಾಟಬೇಕು ಎಂಬ ಸ್ಥಿತಿಯಲ್ಲಿ ಉದ್ಯೋಗದ ಅವಕಾಶ ಎಲ್ಲಿದೆ ಎಂದು ಬೇರೆ ಹುಡುಕಬೇಕಿಲ್ಲ. ಜೊತೆಗೆ ಈ ಪದವಿಯಲ್ಲಿ ಕಲಿತ ಕಾಗದ ಜತನ, ಸೂಚಿ ತಯಾರಿಕೆ, ಧ್ವನಿ ಮತ್ತು ಚಿತ್ರಗಳ ಡಿಜಿಟಲೀಕರಣ ಇವೆಲ್ಲ ಗ್ರಂಥಾಲಯ, ವಸ್ತುಸಂಗ್ರಹಾಲಯ, ಆಕಾಶವಾಣಿ, ದೂರದರ್ಶನ, ಪತ್ರಿಕಾ ಕಚೇರಿಗಳಿಗೂ ಬೇಕಾದ ಕೆಲಸಗಳೇ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ, ಯೂಟ್ಯೂಬಿನಲ್ಲಿ ಹಳೆಯ ಚಿತ್ರಗಳೆಲ್ಲ ಇವೆಯಲ್ಲ ಎಂಬ ಮಾತೂ ಬರುತ್ತದೆ. ಯೂಟ್ಯೂಬಿನಲ್ಲಿ ಸಿಗುವ ಹಳೆಯ ಕನ್ನಡ, ಮರಾಠಿ ಚಿತ್ರಗಳಲ್ಲಿ ಹೆಚ್ಚಿನವು ಟಿವಿಗಾಗಿ ಅಂಚು ಕತ್ತರಿಸಿದ, ಹಾಡು ಹಾರಿಸಿದ, ವಾಹಿನಿಯ ಮುದ್ರೆ ಹೊತ್ತ ಪ್ರತಿಗಳು. ಬಣ್ಣದ ಚಿತ್ರಗಳು ಎಷ್ಟೋ ಕಡೆ ಗುಲಾಬಿಗೆ ತಿರುಗಿವೆ, ಯಾಕೆಂದರೆ ಹಳೆಯ ಪ್ರಿಂಟಿನ ನೀಲಿ ಮತ್ತು ಹಳದಿ ಬಣ್ಣ ಮೊದಲು ಮಾಸುತ್ತವೆ. ಹಾರ್ಡ್‌ಡಿಸ್ಕು ಕೆಲವೇ ವರ್ಷದಲ್ಲಿ ಕೈಕೊಡುತ್ತದೆ. ಭಂಡಾರಗಳು ಬಳಸುವ ದತ್ತಾಂಶದ ಟೇಪುಗಳನ್ನೂ ಯಂತ್ರದ ತಲೆಮಾರು ಬದಲಾದಂತೆ ಹೊಸದಕ್ಕೆ ವರ್ಗಾಯಿಸುತ್ತಲೇ ಇರಬೇಕು. ಚೆನ್ನಾಗಿ ತಂಪಿನಲ್ಲಿ, ಒಣ ಗಾಳಿಯಲ್ಲಿಟ್ಟ ಫಿಲ್ಮು ನೂರು ವರ್ಷ ಸುಲಭವಾಗಿ ಬಾಳುತ್ತದೆ. ನೂರು ವರ್ಷ ಬಾಳಿದ ಡಿಜಿಟಲ್ ಕಡತವನ್ನು ಇನ್ನೂ ಯಾರೂ ಕಂಡಿಲ್ಲ. ಸ್ಕ್ಯಾನ್ ಬೇಕೇ ಬೇಕು, ಆದರೆ ಸ್ಕ್ಯಾನ್ ಮಾಡಿದ ಮೇಲೆ ಮೂಲವನ್ನು ಎಸೆಯುವವರು ನಾಳೆ ಬರುವ ಉತ್ತಮ ಸ್ಕ್ಯಾನರಿಗೆ ಏನನ್ನೂ ಉಳಿಸುವುದಿಲ್ಲ. ಈಗಿನ ಚಿತ್ರಗಳು ಹುಟ್ಟುವುದೇ ಕಡತವಾಗಿ. ಅವನ್ನು ಕಾಯಲೂ ಇದೇ ವಿದ್ಯೆ ಬೇಕು.

ಪುಣೆ ರಸ್ತೆಯಲ್ಲಿ ಸುಮಾರು 230 ಕಿಲೋಮೀಟರ್ ದೂರವಷ್ಟೇ, ಅಲ್ಲಿ ಭಂಡಾರವೂ ಇದೆ, ಎಫ್‌ಟಿಐಐಯೂ ಇದೆ, ಕೊಲ್ಹಾಪುರದಲ್ಲಿ ಮತ್ತೊಂದು ಏಕೆ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ತಂಪು ಉಗ್ರಾಣ ದುಬಾರಿ, ಅದು ಪುಣೆಯಲ್ಲೇ ಇರಲಿ. 2019 ಮತ್ತು 2021ರ ಮಹಾಪೂರದಲ್ಲಿ ಪಂಚಗಂಗೆ ಊರೊಳಗೆ ನುಗ್ಗಿದ್ದನ್ನು ಕಂಡ ಮೇಲೆ ನದಿ ಪಕ್ಕದ ತಗ್ಗಿನಲ್ಲಿ ಭಂಡಾರ ಕಟ್ಟಿ ಎಂದು ಯಾರೂ ಹೇಳಲಾರರು. ಕೊಲ್ಹಾಪುರದಲ್ಲಿ ಬೇಕಾದದ್ದು ಪಾಠಶಾಲೆ, ಪರೀಕ್ಷೆಯ ಮೇಜು, ಪ್ರತಿ ತೆಗೆಯುವ ಸಲಕರಣೆ ಮತ್ತು ಸಿಕ್ಕಿದ್ದನ್ನು ಪುಣೆಗೆ ಕಳಿಸುವವರೆಗೆ ಸುರಕ್ಷಿತವಾಗಿಡುವ ಒಂದು ಕೋಣೆ. ರಸಾಯನಶಾಸ್ತ್ರ, ಇತಿಹಾಸ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ ಎಲ್ಲವೂ 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ಒಂದೇ ಆವರಣದಲ್ಲಿವೆ. ಹೊಸ ವಿಭಾಗ ಕಟ್ಟುವುದಕ್ಕಿಂತ ಈ ನಾಲ್ಕನ್ನು ಒಂದು ಪಠ್ಯಕ್ರಮದಲ್ಲಿ ಹೆಣೆಯುವುದು ಹೆಚ್ಚು ಕಷ್ಟದ ಕೆಲಸ, ಆದರೆ ಅಗ್ಗದ ಕೆಲಸ. ಪುಣೆ ದೇಶಕ್ಕೆಲ್ಲ ಸೇರಿದ ಸಂಸ್ಥೆ. ಮುಚ್ಚಿದ ಟಾಕೀಸಿನ ಅಟ್ಟ ಹತ್ತಿ, ಮಾಲೀಕರ ಮೊಮ್ಮಕ್ಕಳ ಜೊತೆ ಅವರ ಮಾತಿನಲ್ಲೇ ಮಾತಾಡಿ, ಧೂಳಿನ ಡಬ್ಬಿ ಇಳಿಸುವ ಕೆಲಸವನ್ನು ಹತ್ತಿರದವರೇ ಮಾಡಬೇಕು.

ಹಾಗಾದರೆ ಈ ವರ್ಷವೇ ಪದವಿ ಮುಗಿಸಿ, ಮುಂದೇನು ಎಂದು ಕೂತಿರುವ ಹುಡುಗ ಹುಡುಗಿಯರು ಅಂಥ ಕೋರ್ಸು ಬರುವವರೆಗೆ ಕಾಯಬೇಕೆ? ಬೇಡ. ಆದರೆ ನೇರವಾಗಿ ವಿದೇಶಕ್ಕೆ ಅರ್ಜಿ ಹಾಕುವ ಮುನ್ನ ಎರಡು ವರ್ಷದ ಸಿದ್ಧತೆ ಇಲ್ಲೇ ಆಗಲಿ ಎಂಬುದು ನನ್ನ ಸಲಹೆ. ವಿಜ್ಞಾನ ಓದಿದವರು ಮೋಡಿ ಲಿಪಿಯನ್ನೂ ಸಿನಿಮಾ ಇತಿಹಾಸವನ್ನೂ ಕಲಿಯಲಿ, ಕಲಾ ವಿಭಾಗದವರು ಪಾಲಿಮರು ಎಂದರೇನು, ಆರ್ದ್ರತೆ ಅಳೆಯುವುದು ಹೇಗೆ ಎಂದು ತಿಳಿಯಲಿ. ಪುಣೆಯಲ್ಲಿ ಎಫ್‌ಟಿಐಐ ಮತ್ತು ಭಂಡಾರ ಸೇರಿ ನಡೆಸುತ್ತ ಬಂದಿರುವ ಚಿತ್ರ ರಸಗ್ರಹಣ ಶಿಬಿರವೂ ಮುಂಬೈ ಫೌಂಡೇಷನ್ನಿನ ಸಂರಕ್ಷಣಾ ಕಮ್ಮಟವೂ ಈ ಆಸಕ್ತಿ ತಮಗೆ ನಿಜವಾಗಿ ಹಿಡಿಸುತ್ತದೋ ಎಂದು ಪರೀಕ್ಷಿಸಿಕೊಳ್ಳಲು ಒಳ್ಳೆಯ ಜಾಗಗಳು. ಇಷ್ಟಾದ ಮೇಲೆ ಒಂದು ಗಟ್ಟಿ ಪ್ರಶ್ನೆ ಹಿಡಿದುಕೊಂಡು ರಾಚೆಸ್ಟರಿಗೋ ಆಮ್‌ಸ್ಟರ್‌ಡ್ಯಾಮಿಗೋ ಹೋದವರಿಗೆ ಅಲ್ಲಿನ ಮೇಷ್ಟ್ರು ಏನು ಕಲಿಸಬೇಕೆಂದು ತಿಳಿಯುತ್ತದೆ. ಖರ್ಚು ದೊಡ್ಡದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ಮಹಾರಾಷ್ಟ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ರಾಜರ್ಷಿ ಶಾಹೂ ಮಹಾರಾಜರ ಹೆಸರೇ ಇದೆ. ಕೊಲ್ಹಾಪುರದಲ್ಲಿ ಹಾಸ್ಟೆಲುಗಳನ್ನು ಕಟ್ಟಿಸಿ ಬಡವರ ಮಕ್ಕಳನ್ನು ಓದಿಗೆ ತಂದ ದೊರೆಯ ಹೆಸರಿನ ಆ ನೆರವು ಎಂಜಿನಿಯರಿಂಗ್, ಎಂಬಿಎಗಷ್ಟೇ ಎಂದು ಭಾವಿಸಿ ಯಾರೂ ಹಿಂಜರಿಯಬಾರದು.

ಕೊನೆಗೆ ಕರ್ನಾಟಕದ ಪಾಲಿನ ಮಾತು. ಗಡಿ ಪ್ರಶ್ನೆ ಬಂದಾಗ ಎರಡೂ ಸರ್ಕಾರಗಳು ಕಡತ ಹಿಡಿದು ದೆಹಲಿಗೆ ಹೋಗುತ್ತವೆ. ಎರಡೂ ಭಾಷೆಗಳು ಒಂದೇ ಊರಿನಲ್ಲಿ ಕಳೆದುಕೊಂಡದ್ದರ ಬಗ್ಗೆ ಒಟ್ಟಿಗೆ ಕೂತದ್ದಿಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಕೊಲ್ಹಾಪುರದಿಂದ ಮೂರು ಗಂಟೆಯೊಳಗಿನ ದಾರಿ. ಶಿವಾಜಿ ವಿಶ್ವವಿದ್ಯಾಲಯದ ಜೊತೆ ಅದು ಒಪ್ಪಂದ ಮಾಡಿಕೊಂಡು ಕನ್ನಡದ ಅಧ್ಯಾಪಕರನ್ನೂ ಕೆಲವು ಸೀಟುಗಳ ವೆಚ್ಚವನ್ನೂ ಹೊತ್ತರೆ ಪದವಿ ನಿಜವಾಗಿ ದ್ವಿಭಾಷಿಕವಾಗುತ್ತದೆ. ಅಚ್ಚಾದ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂದು 1954ರ ಕಾಯ್ದೆ ಹೇಳುತ್ತದೆ, ಬಿಡುಗಡೆಯಾದ ಪ್ರತಿಯೊಂದು ಚಿತ್ರಕ್ಕೂ ಅಂಥ ಕಾಯ್ದೆ ದೇಶದಲ್ಲಿಲ್ಲ. ಅದನ್ನು ತರಲು ದೆಹಲಿಯೇ ಮನಸ್ಸು ಮಾಡಬೇಕು. ಆದರೆ ಸಬ್ಸಿಡಿ ಪಡೆಯುವ ಪ್ರತಿ ಚಿತ್ರದ ಒಂದು ಉತ್ತಮ ಪ್ರತಿ ಭಂಡಾರಕ್ಕೆ ಸೇರಿದ ಮೇಲೆಯೇ ಕೊನೆಯ ಕಂತು ಎಂಬ ಷರತ್ತನ್ನು ಬೆಂಗಳೂರೂ ಮುಂಬೈಯೂ ನಾಳೆಯೇ ಹಾಕಬಹುದು. ಮತ್ತು ಕೋರ್ಸಿನ ಮೊದಲ ತಂಡ ಹತ್ತೇ ಜನರದಾದರೂ ಸರಿ, ಅವರ ಮೊದಲ ಸೆಮಿಸ್ಟರಿನ ಕೆಲಸ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ನಿಪ್ಪಾಣಿ, ಬೆಳಗಾವಿಯ ಮುಚ್ಚಿದ ಟಾಕೀಸು, ಹಳೆಯ ವಿತರಕರ ಗೋದಾಮು, ಟೂರಿಂಗ್ ಟಾಕೀಸು ನಡೆಸಿದವರ ಮನೆಗಳಲ್ಲಿ ಏನೇನು ಉಳಿದಿದೆ ಎಂಬುದರ ಪಟ್ಟಿ ಆಗಲಿ. ಅದು ಮಳೆಗಾಲಕ್ಕೆ ಮುಂಚೆಯೇ ಶುರುವಾಗಬೇಕು, ಯಾಕೆಂದರೆ ಅಸಿಟೇಟ್ ಡಬ್ಬಿಗಳಿಗೆ ಆಷಾಢ, ಶ್ರಾವಣದ ತೇವವೇ ವರ್ಷದ ಅತ್ಯಂತ ಕೆಟ್ಟ ಕಾಲ.